ಡನ್‌ಕೆರ್ ಮನೆಯ ಜಾರುಗಂಟು

ಡನ್‌ಕೆರ್ ಕೋಟೆಯ ಒಡೆಯರು ಮದುವೆಯ ಗಂಟು ಹಾಕುವಾಗಲೇ ಒಂದು ಎಳೆಯನ್ನು ಹೊರಗೆ ಬಿಟ್ಟಿರುತ್ತಾರೆ ಅನ್ನುವುದು ಆ ಕಣಿವೆಯಲ್ಲಿ ಕುರಿ ಕಾಯುವವರಿಗೂ ಗೊತ್ತಿದ್ದ ಮಾತು. ಬೇಕಾದಾಗ ಎಳೆದರೆ ಸಾಕು, ಗಂಟು ಜಾರುತ್ತದೆ. ಹೆಂಡತಿ ಹೆಂಡತಿಯಲ್ಲ, ಮಗ ಮಗನಲ್ಲ. ಬಡವರ ಮನೆಯಲ್ಲಿ ಗಂಡ ಕುಡಿದು ಬಂದು ಒದ್ದರೂ ಮದುವೆ ಸಾಯುವತನಕ ಮದುವೆಯೇ. ದೊಡ್ಡವರಿಗೆ ಮಾತ್ರ ಹತ್ತಾರು ವರ್ಷ ಸಂಸಾರ ಮಾಡಿದ ಮೇಲೆ, ಅಯ್ಯೋ ಇದು ಮದುವೆಯೇ ಆಗಿರಲಿಲ್ಲವಂತೆ ಎಂದು ಬಿಷಪ್ಪನ ನ್ಯಾಯಸ್ಥಾನದಲ್ಲಿ ಗೊತ್ತಾಗುತ್ತದೆ. ಅದೂ ಯಾವಾಗ? ಇನ್ನೊಂದು ಹೆಣ್ಣು ಇನ್ನಷ್ಟು ಜಮೀನು ಕಟ್ಟಿಕೊಂಡು ಕಾದು ಕೂತಿರುವಾಗ. ಥೂ!

ಆದರೆ ಎಳೆ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಅದನ್ನು ಎಳೆಯಲು ಒಂದು ಕೈ ಬೇಕು. ಆ ಕೈ ಯಾವಾಗಲೂ ಬಡವರದೇ.

ಸ್ಕಾಟ್ಲೆಂಡಿನ ಉತ್ತರದ ಆ ಕಣಿವೆಗೆ ಎಫೀ ಸೂಲಗಿತ್ತಿ. ಅಗಲ ಮೂಳೆ, ಕೆಂಪು ಕೈ, ಊರಿಗೆಲ್ಲ ಕೇಳುವ ಗಂಟಲು. ಹುಟ್ಟಿದ ಕೂಸನ್ನು ಕೆಳಗಿಳಿಸುವ ಮುಂಚೆ ಒಂದು ಮೆಟ್ಟಿಲಾದರೂ ಮೇಲೆ ಹತ್ತಿಸಬೇಕು, ಇಲ್ಲದಿದ್ದರೆ ಬಾಳಿನಲ್ಲಿ ಏಳಿಗೆ ಇಲ್ಲ ಎಂದು ಅಲ್ಲಿನ ನಂಬಿಕೆ. ಮಹಡಿಯಿಲ್ಲದ ಗುಡಿಸಲಿನಲ್ಲಿ ಎಫೀ ತಾನೇ ಒಂದು ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಕೂಸನ್ನು ಸೂರಿನ ಕಡೆ ಎತ್ತುತ್ತಿದ್ದಳು. "ಹತ್ತಪ್ಪ ಹತ್ತು, ನಿಮ್ಮಪ್ಪನ ಥರ ಬಿದ್ದೇ ಇರ್ಬೇಡ" ಎಂದು ಬಾಣಂತಿಯನ್ನು ನಗಿಸುತ್ತಿದ್ದಳು.

ಅವಳ ತಾಯಿಯೂ ಸೂಲಗಿತ್ತಿಯೇ. ಅವರಿದ್ದ ಕಲ್ಲುಗೋಡೆಯ ಮನೆ, ಹಿತ್ತಲಿನ ಹುಲ್ಲುಗಾವಲು, ಎಲ್ಲ ತಾಯಿಗೆ ಕೋಟೆಯಿಂದ ಬಂದದ್ದು. ಯಾಕೆ ಬಂತು ಎಂದು ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹಳೆಯ ಒಡೆಯ ತನ್ನ ಮೊದಲ ಹೆಂಡತಿಯನ್ನು ಕಳಚಿಕೊಳ್ಳಬೇಕು ಅಂದಾಗ, ಮದುವೆಗೆ ಮೊದಲೇ ಒಡೆಯನೂ ಆ ಹೆಂಡತಿಯ ಅಕ್ಕನೂ ಒಂದೇ ಹಾಸಿಗೆಯಲ್ಲಿದ್ದುದನ್ನು ಕಂಡೆ ಎಂದು ಎಫೀಯ ತಾಯಿ ಆಣೆಯಿಟ್ಟಿದ್ದಳು. ಅಕ್ಕನ ಜೊತೆ ಮಲಗಿದವನಿಗೆ ತಂಗಿ ಹೆಂಡತಿಯಾಗಲಾರಳು, ಅದು ಧರ್ಮಸಭೆಯ ಕಟ್ಟಳೆ. ಗಂಟು ಜಾರಿತು. ಆ ಹೆಂಡತಿಯ ಮಗ ಆರ್ಚಿ, ಕೋಟೆಯ ವಾರಸುದಾರ, ಒಂದೇ ಮಧ್ಯಾಹ್ನದಲ್ಲಿ ಹಾದರದ ಮಗನಾಗಿ ಅಡುಗೆಮನೆಯ ಮೂಲೆ ಸೇರಿದ.

ಮುಂದಿನ ವಸಂತದಲ್ಲಿ ಆರ್ಚಿ ಗಿರಣಿಯ ಕಾಲುವೆಯಲ್ಲಿ ಸಿಕ್ಕ. ಕಾಲು ಜಾರಿತಂತೆ. ಮೀನಿನ ಹಾಗೆ ಈಜುತ್ತಿದ್ದ ಹುಡುಗ! ಚಿಕ್ಕವಳಾಗಿದ್ದ ಎಫೀ ಜನರ ಕಾಲುಗಳ ನಡುವೆ ನುಸುಳಿ ನೋಡಿದ್ದಳು. ಹೆಣಕ್ಕಿಂತ ಹೆಚ್ಚಾಗಿ ಅವಳ ಕಣ್ಣಲ್ಲಿ ನಿಂತದ್ದು ದಡದ ಮೇಲಿದ್ದ ಅವನ ಜೋಡು. ಒಂದರ ಪಕ್ಕ ಒಂದು, ನೀಟಾಗಿ ಇಟ್ಟಿದ್ದರು. ಆರ್ಚಿ ಜನ್ಮದಲ್ಲಿ ಒಂದು ದಿನ ಜೋಡನ್ನು ನೀಟಾಗಿ ಬಿಟ್ಟವನಲ್ಲ. ಅಡುಗೆಯವಳು ಅದಕ್ಕಾಗಿಯೇ ದಿನಾ ಬೈಯುತ್ತಿದ್ದಳು. ಎಫೀಯ ತಾಯಿ ಆಮೇಲೆ ಬದುಕಿದಷ್ಟು ದಿನವೂ ಗಿರಣಿಗೆ ಹಿಟ್ಟಿಗೆ ಹೋಗಲಿಲ್ಲ. ಮನೆಯಲ್ಲೇ ಬೀಸಿಕೊಂಡಳು.

ಎಫೀಗೆ ಒಬ್ಬಳೇ ಮಗಳು, ಜೋನೆಟ್. ಕೋಟೆಯ ಹಾಲುಮನೆಯಲ್ಲಿ ಬೆಣ್ಣೆ ಕಡೆಯುತ್ತಿದ್ದಳು. ಹಳೆಯ ಒಡೆಯನ ಎರಡನೆಯ ಹೆಂಡತಿಯ ಮಗ ಗಿಲ್ಬರ್ಟ್ ಆಗ ಇಪ್ಪತ್ತು ದಾಟಿದ ಪ್ರಾಯದವನು. ಹಾಲುಮನೆಗೆ ಅವನೇಕೆ ಬರುತ್ತಿದ್ದ ಎಂದು ಬಿಡಿಸಿ ಹೇಳಬೇಕಿಲ್ಲ. ಜೋನೆಟ್ ಬಸುರಾದಳು. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅಂಗೈಯಗಲದ ಗಂಡುಕೂಸು, ಇಲಿಯ ಹಾಗೆ ಒಂದೇ ಒಂದು ಸಲ ಕೀಚೆಂದಿತು. ಪಾದ್ರಿ ಬರುವತನಕ ಉಳಿಯುವುದಿಲ್ಲವೆಂದು ಕಂಡು ಎಫೀ ತಾನೇ ಚಿಪ್ಪಿನಲ್ಲಿ ನೀರೆತ್ತಿ, ಆಂಡ್ರಾ ಎಂದು ಹೆಸರಿಟ್ಟು ಜ್ಞಾನಸ್ನಾನ ಮಾಡಿಸಿದಳು. ಸಾಯುವ ಕೂಸಿಗೆ ಸೂಲಗಿತ್ತಿ ಮಾಡಿಸಿದ್ದೂ ಸಲ್ಲುತ್ತದೆ. ಆ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹುಡುಗಿ ನಾರುಬಟ್ಟೆ ಹಿಡಿದು ನಿಂತಿದ್ದಳು. ಗಿಲ್ಬರ್ಟನಿಗೆ ಗೊತ್ತುಮಾಡಿದ್ದ ಮದುಮಗಳು ಮರಿಯೋಟ, ಕೋಟೆಗೆ ಅತಿಥಿಯಾಗಿ ಬಂದವಳು. ಹೆದರಿದ್ದಳು, ಆದರೂ ಕೈ ಚಾಚಿ ನೀರಿಳಿಯುತ್ತಿದ್ದ ಕೂಸನ್ನು ಎಫೀಯ ಕೈಯಿಂದ ಎತ್ತಿಕೊಂಡಳು. ಅವಳ ತೋಳಿನಲ್ಲೇ ಕೂಸು ಹೋಯಿತು.

ಜ್ಞಾನಸ್ನಾನವಾದ ಕೂಸು, ಆದ್ದರಿಂದ ಚರ್ಚಿನ ಅಂಗಳದಲ್ಲಿ, ಬಿಸಿಲು ಬೀಳುವ ಗೋಡೆಯ ಬುಡದಲ್ಲಿ ಜಾಗ ಸಿಕ್ಕಿತು. ಜೋನೆಟ್ ಪ್ರತಿ ಭಾನುವಾರ ಅಲ್ಲಿ ಬಗ್ಗಿ ಹುಲ್ಲನ್ನು ಅಂಗೈಯಿಂದ ಸವರಿ ಬರುತ್ತಿದ್ದಳು. "ನನ್ನ ಒಂದು ಕೂಸಾದ್ರೂ ಒಳ್ಳೆ ಕಡೆ ಸೇರ್ಕೊಂಡಿದೆ" ಎನ್ನುತ್ತಿದ್ದಳು. ಆಮೇಲೆ ವಾಟ್ ಎಂಬ ಕುರುಬ ಅವಳನ್ನು ಮದುವೆಯಾದ. ಒಂದು ಹೆಣ್ಣುಮಗು ಆಯಿತು. ಅದೇ ಹೊತ್ತಿಗೆ ಮರಿಯೋಟಳಿಗೂ ಗಂಡುಮಗು. ಅವನಿಗೆ ನಿನಿಯನ್ ಎಂದು ಹೆಸರಿಟ್ಟರು. ಒಡತಿಗೆ ಹಾಲಿಳಿಯಲಿಲ್ಲ, ಜೋನೆಟ್ ಒಂದು ಎದೆ ಮಗಳಿಗೆ, ಒಂದು ಎದೆ ನಿನಿಯನ್‌ಗೆ ಎಂದು ಕೊಟ್ಟು ಸಾಕಿದಳು. ಆ ಮಗಳು ಕೈಗೆ ಬರುತ್ತಲೇ ದೂರದ ಊರಿಗೆ ಚಾಕರಿಗೆ ಹೋದಳು. ಇಂಗ್ಲಿಷರ ಮೇಲೆ ನಡೆದ ಫ್ಲಾಡನ್ನಿನ ಕಾಳಗದಲ್ಲಿ ಹಳೆಯ ಒಡೆಯ ಬಿದ್ದ. ಅವನ ಹಿಂದೆ ಹೋದ ವಾಟ್ ಕೂಡ ಬಿದ್ದ. ಗಿಲ್ಬರ್ಟ್ ಒಡೆಯನಾದ.

ನಿನಿಯನ್ ಹದಿಹರೆಯಕ್ಕೆ ಕಾಲಿಡುವ ಹೊತ್ತಿಗೆ ಎಫೀಯ ಬಾಯಿ ಜಾರಿತು.

ಒಡೆಯನ ಅಕ್ಕ ಅನಾಬೆಲಳ ಸೊಸೆಗೆ ಹೆರಿಗೆಯಾಗಿತ್ತು. ಪದ್ಧತಿಯ ಹಾಗೆ ಹೆಂಗಸರೆಲ್ಲ ಬಾಣಂತಿಯ ಕೋಣೆಯಲ್ಲಿ ಸೇರಿ, ಗಿಣ್ಣು ಕತ್ತರಿಸಿ, ಜವೆಯ ಹುಳಿಮದ್ಯ ಕುಡಿಯುತ್ತ ಕೂತಿದ್ದರು. ಸೂಲಗಿತ್ತಿಗೆ ಬೆಂಕಿಯ ಪಕ್ಕದ ಜಾಗ. ಕೂಸನ್ನು ಹರಸಲು ಬಂದ ಕೋಟೆಯ ಪಾದ್ರಿ ಮೂಲೆಯಲ್ಲಿ ಗಿಣ್ಣು ಮೆಲ್ಲುತ್ತಿದ್ದ.

"ನಮ್ಮ ಗಿಲ್ಬರ್ಟನ ಹೆಂಡ್ತೀದು ಒಣಕಲು ಕೈ ಕಣ್ರೇ," ಎಂದಳು ಅನಾಬೆಲ್. "ಒಂದನ್ನ ಹೆತ್ಲು, ಮುಗೀತು. ಕೂಸಿಗೂ ಆ ಕೈಗೂ ಆಗ್ಬರಲ್ಲ."

ಹೆಂಗಸರು ಕಿಸಕ್ಕೆಂದರು. ಎಫೀಗೆ ಮದ್ಯ ತಲೆಗೇರಿತ್ತು, ಸಿಟ್ಟು ಅದಕ್ಕಿಂತ ಮೇಲೇರಿತು.

"ಯಾವ ಕೈ ಒಣಕಲು? ಅಮ್ಮಾವ್ರೇ, ಆ ಕೈ ವಿಷ್ಯ ನನ್ನ ಕೇಳಿ! ಈ ಮನೆಗೆ ಸೊಸೆಯಾಗೋ ಮುಂಚೇನೇ ಒಡೆಯರ ಕೂಸನ್ನ ನೀರಿನಿಂದ ಎತ್ಕೊಂಡ ಕೈ ಅದು. ನನ್ನ ಮಗಳ ಕೂಸು, ಬೇರೆಯವ್ರು ಮೂಗು ಮುಚ್ಕೊಂಡು ಹೋಗ್ತಿದ್ರು. ಆಯಮ್ಮ ಎದೆಗೆ ಅಪ್ಕೊಂಡ್ಲು!"

ಯಾರೂ ನಗಲಿಲ್ಲ. ಪಾದ್ರಿ ಮೆಲ್ಲುವುದನ್ನು ನಿಲ್ಲಿಸಿದ್ದ.

"ನೀರು ಹಾಕಿದ್ದು ಯಾರು ಎಫೀ?"

"ನಾನೇ ಸ್ವಾಮಿ. ಜೀವ ಇತ್ತು, ಹಾಕ್ದೆ."

"ನಿನ್ನ ಕೈಯಿಂದ ತಗೊಂಡಿದ್ದು?"

"ಮರಿಯೋಟಮ್ಮ."

"ಒಳ್ಳೇದು," ಎಂದ ಪಾದ್ರಿ. ಉಳಿದಿದ್ದ ಗಿಣ್ಣಿನ ಚೂರನ್ನು ಬಾಯಿಗೆ ಹಾಕಿಕೊಂಡು, ಬೆರಳು ಒರೆಸಿಕೊಂಡು ಎದ್ದುಹೋದ. ಅನಾಬೆಲ್ ಎಫೀಯ ಬಟ್ಟಲನ್ನು ತಾನೇ ಕೈಯಾರೆ ತುಂಬಿಸಿದಳು. ಆ ಹೆಂಗಸು ಯಾವತ್ತೂ ಯಾರ ಬಟ್ಟಲನ್ನೂ ತುಂಬಿಸಿದವಳಲ್ಲ.

ಮನೆಗೆ ಹೋಗುವ ದಾರಿಯಲ್ಲಿ, ಸೇತುವೆಯ ಮೇಲೆ, ಎಫೀಗೆ ಮದ್ಯವೆಲ್ಲ ಒಮ್ಮೆಲೇ ಇಳಿದುಹೋಯಿತು. ಜ್ಞಾನಸ್ನಾನದ ನೀರಿನಿಂದ ಕೂಸನ್ನು ಎತ್ತಿಕೊಂಡವಳು ಅದರ ಜ್ಞಾನತಾಯಿ. ಕೂಸಿನ ತಂದೆಗೆ ಅವಳು ಒಡಹುಟ್ಟಿದವಳ ಸಮ. ಅವರಿಬ್ಬರಿಗೆ ಲಗ್ನವಾಗುವಂತಿಲ್ಲ, ಆಗಿಹೋದರೂ ಅದು ಲಗ್ನವಲ್ಲ. ಇದು ಎಫೀಗೆ ಗೊತ್ತಿರಲಿಲ್ಲವೇ? ಸೂಲಗಿತ್ತಿಗೆ ಗೊತ್ತಿಲ್ಲದಿರುತ್ತದೆಯೇ? ಗೊತ್ತಿತ್ತು. ಆದರೆ ಅದೊಂದು ಹಾಲುಮನೆಯ ಕೂಸು, ಹುಟ್ಟಿದ ಗಳಿಗೆಯೇ ಸತ್ತದ್ದು, ಲೆಕ್ಕಕ್ಕೇ ಇಲ್ಲದ್ದು. ಅದಕ್ಕೂ ಒಬ್ಬ ತಂದೆ, ಒಂದು ವಂಶ, ಒಬ್ಬಳು ಜ್ಞಾನತಾಯಿ ಇದ್ದಾರೆ ಎಂದು ಯಾರಿಗೆ ಹೊಳೆಯಬೇಕು? ಸ್ವಂತ ಅಜ್ಜಿಗೇ ಹೊಳೆದಿರಲಿಲ್ಲ. ಹೊಗಳುವುದಕ್ಕೆಂದು ಆಡಿದ ಮಾತು ಹಗ್ಗವಾಗಿತ್ತು.

ವಾರ ತುಂಬುವ ಮೊದಲೇ ಕೋಟೆಯ ಪಾರುಪತ್ಯಗಾರ ಡೂಗಲ್ ಬಂದ. ಕೇಳದೆಯೇ ಬೆಂಕಿಯ ಮುಂದೆ ಕೂತ, ಓಟ್ ರೊಟ್ಟಿ ಮುರಿದುಕೊಂಡ, ಗೋಡೆಗಳನ್ನು ಮೆಲ್ಲಗೆ ನೋಡಿದ.

"ಗಟ್ಟಿ ಮನೆ ಕಣೆ ಎಫೀ. ನಿಮ್ಮವ್ವ ಬಾಯಿ ಬಿಟ್ಟು ಸಂಪಾದ್ಸಿದ್ದು."

"ನಮ್ಮವ್ವ ಆ ಮೇಲೆ ಸರಿಯಾಗಿ ನಿದ್ದೆ ಮಾಡ್ಲಿಲ್ಲ ಸ್ವಾಮಿ."

"ಮಳೇಲಿ ಮಲ್ಗೋದಕ್ಕಿಂತ ಸೂರಿನ ಕೆಳಗೆ ಎದ್ದಿರೋದು ಮೇಲು. ಬಿಷಪ್ಪರ ಕಡೆಯವ್ರು ಕರೆಸ್ತಾರೆ. ಅವತ್ತು ಹೆಂಗಸರ ಮುಂದೆ ಹೇಳಿದ್ದನ್ನೇ ಹೇಳು. ಸುಳ್ಳು ಹೇಳು ಅಂತ ಯಾರೂ ಕೇಳ್ತಿಲ್ಲ. ನಿಜ ಹೇಳೋಕೆ ಏನು ರೋಗ?"

"ಹುಡುಗನ ಗತಿ ಏನು?"

"ಯಾವ ಹುಡುಗ?" ಎಂದ ಡೂಗಲ್. ಆಗಲೇ ನಿನಿಯನ್ ಅವರ ಬಾಯಲ್ಲಿ ಹೆಸರು ಕಳೆದುಕೊಂಡಿದ್ದ.

ಎದ್ದವನು ಬಾಗಿಲಲ್ಲಿ ನಿಂತು ನಕ್ಕ. "ಅವತ್ತು ಮರಿಯೋಟಮ್ಮ ಹಾಲುಮನೆಗೆ ತಾನಾಗೇ ಬಂದ್ಲು ಅನ್ಕೊಂಡಿದ್ಯಾ? ಹಳೇ ಧಣಿ ಬಟ್ಟೆ ಕೈಗೆ ಕೊಟ್ಟು, ಹೋಗಮ್ಮ ಪಾಪ ನೋಡ್ಕೊಂಡು ಬಾ ಅಂತ ಕಳ್ಸಿದ್ರು. ಮುಂದಾಲೋಚನೆ ಅಂದ್ರೆ ಅದು."

ಎಫೀ ಬಾಗಿಲು ಹಾಕಿ ಒಲೆಯ ಮುಂದೆ ಕೂತಳು. ತನ್ನ ಮೊಮ್ಮಗ ಸಾಯುತ್ತ ಮಲಗಿದ್ದಾಗ, ಮೇಲೆ ಕೋಟೆಯಲ್ಲಿ ಒಬ್ಬ ಮುದುಕ ಅದರ ಸಾವಿನಿಂದ ದಾರ ಹೊಸೆಯುತ್ತಿದ್ದ. ಹದಿನೈದು ವರ್ಷ ಆ ದಾರ ಮದುವೆಯ ಒಳಗೇ ಇತ್ತು. ಅನಾಬೆಲಳ ಚುಚ್ಚುಮಾತು ಕೂಡ ಬಾಯಿ ತಪ್ಪಿ ಬಂದದ್ದಲ್ಲ.

ನಿನಿಯನ್ ಮಾರನೆಯ ದಿನ ಬಂದ. ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. "ಅಜ್ಜಿ, ಹಸಿವು!" ಎಂದು ಒಳನುಗ್ಗಿ, ಬಾಗಿಲಲ್ಲೇ ಜೋಡು ಕಿತ್ತೆಸೆದ. ಒಂದು ಒಲೆಯ ಬಳಿ ಬಿತ್ತು, ಒಂದು ನಾಯಿಯ ಮೇಲೆ. ಎಫೀ ಅವನ್ನು ಎತ್ತಿ ಜೋಡಿಸಿಡಲು ಬಗ್ಗಿದವಳು ಹಾಗೇ ಬಿಟ್ಟಳು.

ಒಂದೇ ದಾರಿಯಿತ್ತು. ನೀರು ಹಾಕುವಾಗ ಕೂಸಿಗೆ ಜೀವವಿರಲಿಲ್ಲ ಎನ್ನಬೇಕು. ಸತ್ತದ್ದಕ್ಕೆ ಜ್ಞಾನಸ್ನಾನವಿಲ್ಲ. ಸ್ನಾನವಿಲ್ಲದ ಮೇಲೆ ಜ್ಞಾನತಾಯಿಯಿಲ್ಲ. ಮದುವೆ ನಿಲ್ಲುತ್ತದೆ, ನಿನಿಯನ್ ವಾರಸುದಾರನಾಗಿಯೇ ಉಳಿಯುತ್ತಾನೆ, ಬದುಕುತ್ತಾನೆ. ಆದರೆ ಸ್ನಾನವಾಗದ ಕೂಸಿಗೆ ಸ್ವರ್ಗವಿಲ್ಲ. ಚರ್ಚಿನ ಮಣ್ಣಿನಲ್ಲಿ ಜಾಗವೂ ಇಲ್ಲ. ಸುಳ್ಳಾಣೆಯ ಪಾಪ ಎಫೀಯದು, ಅದನ್ನು ಅವಳು ಹೊತ್ತಾಳು. ಕೂಸಿನ ಸ್ವರ್ಗ ಮಾತ್ರ ಅವಳದಲ್ಲ, ಜೋನೆಟಳದು.

ಹಾಲುಮನೆಯಲ್ಲಿ ಜೋನೆಟ್ ಬೆಣ್ಣೆ ಹಿಂಡುತ್ತಿದ್ದಳು. ಎಫೀ ಹೇಳಿದಳು. ಜೋನೆಟ್ ಬೆಣ್ಣೆಯನ್ನು ತಿರುವಿ ತಿರುವಿ ಬಡಿದಳು, ನೀರೆಲ್ಲ ಹೋದ ಮೇಲೂ ಬಡಿದಳು.

"ಅವನ್ನ ಉಳಿಸೋಕೆ ನನ್ನ ಕೂಸನ್ನ ಅಗೆದು ಹಾಕು ಅಂತೀಯ."

"ನೀನೇ ಹಾಲು ಕೊಟ್ಟ ಹುಡುಗ ಕಣೇ."

"ಹಾಲು ಕೊಟ್ಟೆ. ಹಾಲು ಕೇಳಿದ್ರು, ಕೊಟ್ಟೆ. ಗಂಡನ್ನ ಕಾಳಗಕ್ಕೆ ಕೇಳಿದ್ರು, ಕೊಟ್ಟೆ. ಆ ಮೊದ್ಲು ಏನು ತಗೊಂಡ್ರು ಅನ್ನೋದು ನಿಂಗೆ ಗೊತ್ತು, ಅದನ್ನ ಕೇಳ್ಲೂ ಇಲ್ಲ. ಈಗ ಸತ್ತ ಕೂಸಿನ ಸ್ವರ್ಗನೂ ಬೇಕಾ ಆ ಮನೆಗೆ? ಅದೊಂದು ನಂದು ಅಂತಿತ್ತಲ್ಲವ್ವ!"

"ಆರ್ಚಿ ಜೋಡು ನಾನು ನೋಡಿದ್ದೀನಿ ಜೋನೆಟ್."

"ಹೋಗು ಇಲ್ಲಿಂದ," ಎಂದಳು ಜೋನೆಟ್. "ನಿನ್ನ ಬಾಯಿಂದ ಬಂದಿದ್ದು ಇದು. ನಿನ್ನ ಬಾಯಲ್ಲೇ ನುಂಗು."

ನ್ಯಾಯಸ್ಥಾನ ಕೂಡಿದ್ದು ಬಿಷಪ್ಪನ ಪಟ್ಟಣದ ದೊಡ್ಡ ಚರ್ಚಿನ ಪಕ್ಕದ ಸಣ್ಣ ಪ್ರಾರ್ಥನಾ ಗುಡಿಯಲ್ಲಿ. ಒಂದು ಕಡೆ ಗಿಲ್ಬರ್ಟ್, ತೋಳಿಗೆ ನರಿತುಪ್ಪಳ ಹಚ್ಚಿದ ನಿಲುವಂಗಿ ಹೊದ್ದು, ಯಾರದೋ ತಿಥಿಗೆ ಬಂದವನ ಹಾಗೆ ಮುಖ ಮಾಡಿಕೊಂಡಿದ್ದ. ಇನ್ನೊಂದು ಕಡೆ ಮರಿಯೋಟ, ಪಕ್ಕದಲ್ಲಿ ನಿನಿಯನ್. ನೆಗಡಿ ಹಿಡಿದಿದ್ದ ನ್ಯಾಯಾಧಿಪತಿ ಮೂಗು ಸೀಟುತ್ತ ಎಫೀಯ ಕೈಯನ್ನು ಸುವಾರ್ತೆಯ ಮೇಲೆ ಇಡಿಸಿದ. ಪಕ್ಕದಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಸಂತನ ಬೆರಳಿನ ಮೂಳೆ.

"ನೀರು ಹಾಕುವಾಗ ಕೂಸಿಗೆ ಜೀವವಿತ್ತೇ?"

ಎಫೀ ನಿನಿಯನ್‌ನನ್ನು ನೋಡಲಿಲ್ಲ. ಅವನ ಕಾಲಿನ ಜೋಡನ್ನು ನೋಡಿದಳು. ಒಂದರ ದಾರ ಬಿಚ್ಚಿತ್ತು.

"ಇರ್ಲಿಲ್ಲ."

ಗುಡಿಯಲ್ಲಿ ಗುಜುಗುಜು ಎದ್ದಿತು. ಡೂಗಲ್ ತಲೆಯೆತ್ತಿದ.

"ಹೆಂಗಸರ ಮುಂದೆ ಇತ್ತು ಅಂದೆಯಂತೆ?"

"ಕುಡಿದಿದ್ದೆ ಸ್ವಾಮಿ. ಅವತ್ತು ನನ್ನ ಮಗಳು ಗೋಳಾಡ್ತಿದ್ಲು. ಸಮಾಧಾನಕ್ಕೆ ಜೀವ ಇತ್ತು ಅಂತ ಹೇಳ್ದೆ. ಹೇಳಿ ಹೇಳಿ ನನಗೇ ಅಭ್ಯಾಸ ಆಯ್ತು."

"ತಾಯಿಯನ್ನು ಕರೆಯಿರಿ," ಎಂದ ನ್ಯಾಯಾಧಿಪತಿ.

ಜೋನೆಟ್ ಬಂದಿದ್ದಾಳೆ ಎಂದೇ ಎಫೀಗೆ ಗೊತ್ತಿರಲಿಲ್ಲ. ಡೂಗಲ್ಲನೇ ಕರೆತಂದಿದ್ದ, ಕೂಸಿನ ತಾಯಿ ಕೂಸನ್ನು ಬಿಟ್ಟುಕೊಡುವುದುಂಟೇ ಎಂದು ಅವನ ಲೆಕ್ಕ. ಜೋನೆಟ್ ಅವ್ವನ ಪಕ್ಕ ಬಂದು ನಿಂತಳು. ಮೈಯಿಂದ ಹುಳಿ ಮಜ್ಜಿಗೆಯ ವಾಸನೆ ಬರುತ್ತಿತ್ತು. ನಿನಿಯನ್ ಅವಳನ್ನು ಕಂಡು, ಚಿಕ್ಕಂದಿನ ಅಭ್ಯಾಸದಿಂದ, ಬಾಯಗಲಿಸಿ ನಕ್ಕ.

"ಕೂಸು ಅತ್ತಿತೇ?"

ಜೋನೆಟ್ ನಿನಿಯನ್‌ನ ಕಡೆ ನೋಡಿದಳು. ಆ ಒಂದು ಕೀಚು ದನಿಯನ್ನು ಅವಳು ಪ್ರತಿ ಭಾನುವಾರ ಹುಲ್ಲು ಸವರುವಾಗ ಕೇಳಿಸಿಕೊಂಡವಳು.

"ಇಲ್ಲ," ಎಂದಳು. "ಉಸಿರೇ ಎತ್ತಲಿಲ್ಲ."

ಮೊಕದ್ದಮೆ ಬಿತ್ತು. ಗಿಲ್ಬರ್ಟ್ ನಿಲುವಂಗಿ ಕೊಡವಿಕೊಂಡು ಹೊರಟ. ಮರಿಯೋಟ ಮಗನ ತೋಳು ಹಿಡಿದು ಎಫೀಯ ಮುಂದೆಯೇ ಹಾದುಹೋದಳು, ತಿರುಗಿ ನೋಡಲಿಲ್ಲ. ನೋಡಿದರೆ ಅನುಮಾನ ಬಂದೀತೆಂದೋ, ದೊಡ್ಡವರಿಗೆ ಅಷ್ಟೇ ನೆನಪೋ. ಏನಾದರೂ ಆಗಿರಲಿ, ನೋಡಲಿಲ್ಲ.

ಸತ್ತ ಕೂಸಿಗೆ ಸ್ನಾನ ಮಾಡಿಸಿ ಪವಿತ್ರ ಮಣ್ಣನ್ನು ಕೆಡಿಸಿದಳೆಂದು ಎಫೀಯ ಸೂಲಗಿತ್ತಿ ಕೆಲಸವನ್ನು ಕಸಿದುಕೊಂಡರು. ಕಲ್ಲುಗೋಡೆಯ ಮನೆ ಕೋಟೆಗೆ ವಾಪಸಾಯಿತು. ಚರ್ಚಿನ ಗೋರಿ ತೋಡುವವ ಬಿಸಿಲಗೋಡೆಯ ಬುಡವನ್ನು ಅಗೆದಾಗ ಸಿಕ್ಕಿದ್ದು ಕೋಳಿಮರಿಯ ಮೂಳೆಯಷ್ಟು ಸಣ್ಣ ಮೂಳೆಗಳು. ಅವನ್ನು ಅವನು ಸಲಿಕೆಯಲ್ಲಿ ಎತ್ತಲು ಹೋದ.

"ಮುಟ್ಬೇಡ," ಎಂದಳು ಜೋನೆಟ್. ಬೆಣ್ಣೆ ಒಯ್ಯುವ ಬುಟ್ಟಿಯಲ್ಲಿ ಎಲೆ ಹಾಸಿ ತಾನೇ ಒಂದೊಂದಾಗಿ ಆಯ್ದುಕೊಂಡಳು. ಸ್ನಾನವಾಗದವರನ್ನು ಯಾರ ನೆಲವೂ ಅಲ್ಲದ ಕಡೆ, ಎರಡು ಸೀಮೆಗಳ ನಡುವಿನ ಗಡಿಗೋಡೆಯ ಕೆಳಗೆ ಹೂಳಬೇಕು. ಹೊತ್ತು ಇಳಿಯುವ ಮುಂಚೆ ತಾಯಿ ಮಗಳು ಅಲ್ಲಿ ಹೂತರು. ಅದರ ಪಕ್ಕದಲ್ಲೇ ಒಂದು ಹಾಳು ಕುರಿಹಟ್ಟಿಗೆ ಮಾಡು ಹಾಕಿಕೊಂಡು ಉಳಿದರು. ಜೋನೆಟ್ ಅವ್ವನ ಜೊತೆ ಜಗಳವಾಡಲಿಲ್ಲ. ಆದರೆ ಆ ದಿನದಿಂದ ಅವ್ವ ಎಂದು ಕರೆಯುವುದನ್ನು ಬಿಟ್ಟಳು. ಊಟ ಆಯ್ತಾ, ಬೆಂಕಿ ಆರಿದೆ, ಆಡು ತಪ್ಪಿಸ್ಕೊಂಡಿದೆ, ಅಷ್ಟೇ ಮಾತು.

ಮರಿಯೋಟ ಕೆಲವು ವರ್ಷಗಳಲ್ಲಿ ಜ್ವರದಿಂದ ಸತ್ತಳು. ಗಿಲ್ಬರ್ಟನಿಗೆ ಬೇಕಾದ ಜಮೀನಿನ ಹೆಣ್ಣು ಬಂದಳು, ಮಕ್ಕಳಾಗಲಿಲ್ಲ, ಅವನೂ ಕುದುರೆಯಿಂದ ಬಿದ್ದು ಹೋದ. ನಿನಿಯನ್ ಒಡೆಯನಾದ. ನೆರೆಯ ಕೋಟೆಯ ಸಿಬಿಲ್ ಎಂಬವಳನ್ನು ಮದುವೆಯಾದ. ಮದುವೆಯ ದಿನ ಗಡಿಹಟ್ಟಿಗೆ ಮಾಂಸದ ತುಂಡು ಬಂತು. ಎಫೀ ಅತ್ತಳು. ಜೋನೆಟ್ ಅದನ್ನು ಬೇಯಿಸಿದಳು, ತಿನ್ನಲಿಲ್ಲ.

ಸಿಬಿಲ್‌ಗೆ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿತು. ಒಂದು ಬೆಳಿಗ್ಗೆ ಕುದುರೆ ಸದ್ದಾಯಿತು. ನಿನಿಯನ್ ಒಬ್ಬನೇ ಬಂದಿದ್ದ. ಗಡ್ಡ ಬಂದಿತ್ತು, ಭುಜ ಅಗಲವಾಗಿತ್ತು. ಬಾಗಿಲಲ್ಲಿ ಜೋಡಿನ ಕೆಸರನ್ನು ನಿಧಾನವಾಗಿ ಒರೆಸಿ, ಕಳಚಿ, ಒಂದರ ಪಕ್ಕ ಒಂದು ನೀಟಾಗಿ ಇಟ್ಟ. ಎಫೀ ಆ ಜೋಡನ್ನೇ ನೋಡಿದಳು.

"ಹೇಗಿದ್ದೀಯ ಅಜ್ಜಿ?"

"ಸತ್ತಿಲ್ಲ ಒಡೆಯರೇ."

"ಒಡೆಯರೇ ಯಾಕೆ ಅಂತೀಯ? ನಿನ್ನ ಕೈಯಲ್ಲಿ ಹುಟ್ಟಿದವನು ನಾನು." ಕೂತು, ಒಲೆಯಲ್ಲಿ ಸೌದೆಯ ಬದಲು ಉರಿಯುತ್ತಿದ್ದ ಜೌಗುಮಣ್ಣಿನ ಹೆಂಟೆಯನ್ನು ಕಡ್ಡಿಯಿಂದ ಕೆದಕಿದ. "ಸಿಬಿಲ್ ಹುಟ್ಟಿದಾಗ ನೀನೇ ಹೋಗಿದ್ದೆಯಂತೆ, ನಮ್ಮಮ್ಮನ ಜೊತೆ. ಆ ಕೋಣೇಲಿದ್ದೋರಲ್ಲಿ ಬದುಕಿರೋಳು ನೀನೊಬ್ಳೇ."

"ಹೌದು."

"ಅವಳನ್ನ ನೀರಿನಿಂದ ಎತ್ಕೊಂಡಿದ್ದು ನಮ್ಮಮ್ಮನೇ ಅಲ್ವಾ?"

ಜ್ಞಾನತಾಯಿಯ ಮಗನೂ ಆ ಕೂಸೂ ಅಣ್ಣತಂಗಿಯ ಸಮ. ಎಫೀಗೆ ಪೂರ್ತಿ ಬಿಡಿಸಿ ಹೇಳಬೇಕಿರಲಿಲ್ಲ.

"ಅಲ್ಲ. ನಿಮ್ಮಮ್ಮ ಕೆಳಗೆ ಹಜಾರದಲ್ಲಿದ್ರು. ಎತ್ಕೊಂಡಿದ್ದು ಸಿಬಿಲಮ್ಮನ ಸೋದರತ್ತೆ."

"ಯೋಚ್ನೆ ಮಾಡು ಅಜ್ಜಿ."

"ಮಾಡೋದೇನಿದೆ? ಅದು ಸುಳ್ಳಾಗುತ್ತೆ."

ನಿನಿಯನ್ ನಕ್ಕ. ಅದೇ ಬಾಯಗಲಿಸಿದ ನಗು. "ನನಗೋಸ್ಕರ ಒಂದ್ಸಲ ಹೇಳಿದ್ದೀಯಲ್ಲ. ಇನ್ನೊಂದ್ಸಲ ಹೇಳು. ಕಲ್ಲುಗೋಡೆ ಮನೆ ಖಾಲಿ ಇದೆ."

ಗವಾಕ್ಷಿಯ ಬಳಿ ಜೋನೆಟ್ ಬೆಣ್ಣೆ ಕಡೆಯುತ್ತಿದ್ದಳು. ಕೋಲು ನಿಂತಿತು. ಹೊರಗೆ ಗಡಿಗೋಡೆ ಕಾಣುತ್ತಿತ್ತು. ಎಫೀಗೆ ಸಿಬಿಲಳ ಹಿರಿಯ ಮಗಳ ಮುಖ ಕಣ್ಣ ಮುಂದೆ ಬಂತು. ಒಂದು ಸಲ ಮಾತ್ರ ದೂರದಿಂದ ಕಂಡಿದ್ದ ಕೆಂಪು ಟೊಪ್ಪಿಗೆಯ ಹುಡುಗಿ. ಇವನಿಗೆ ಇಲ್ಲವೆನ್ನಬೇಕಾದರೆ ಒಂದೇ ಮಾತಿತ್ತು. ಆ ಮಾತು ಆಡಿದರೆ ಮತ್ತೆ ಹಿಂತೆಗೆಯುವಂತಿಲ್ಲ. ಸಾಯುವ ಮುಂಚೆ ಪಾದ್ರಿಯ ಮುಂದೆ ನಿಜ ಒಪ್ಪಿಕೊಂಡು ಆಂಡ್ರಾನನ್ನು ಬಿಸಿಲಗೋಡೆಗೆ ವಾಪಸು ಕಳಿಸಬೇಕೆಂದು ಅವಳು ಇಷ್ಟು ವರ್ಷ ಒಳಗೊಳಗೇ ಇಟ್ಟುಕೊಂಡಿದ್ದ ಆಸೆಯೂ ಅದರೊಡನೆ ಮಣ್ಣು.

"ನಾನು ಯಾವತ್ತೂ ಸುಳ್ಳು ಹೇಳಿಲ್ಲ ಒಡೆಯರೇ," ಎಂದಳು ಎಫೀ. "ಅವತ್ತು ಕೂಸು ಸತ್ತೇ ಹುಟ್ಟಿತ್ತು. ಜೀವ ಇರ್ಲಿಲ್ಲ. ಇವತ್ತೂ ನಿಜಾನೇ ಹೇಳ್ತಿದ್ದೀನಿ."

ನಿನಿಯನ್ ಮುದುಕಿಯನ್ನು ನೋಡಿದ. ಆಮೇಲೆ ಜೋನೆಟಳ ಕಡೆ ತಿರುಗಿದ. "ಮುದುಕೀರಿಗೆ ಮರೆವು. ನೀನೇನಂತೀಯ?"

ಜೋನೆಟ್ ಕೈ ಒರೆಸಿಕೊಂಡು ಎದ್ದಳು. ಬಟ್ಟಲಿಗೆ ಮಜ್ಜಿಗೆ ಬಗ್ಗಿಸಿ ಅವನ ಮುಂದೆ ಇಟ್ಟಳು.

"ಕುಡಿದು ಹೊರಡಪ್ಪ," ಎಂದಳು. "ಅವ್ವ ಹೇಳಿದ್ಲಲ್ಲ."

ಅವನು ಬಟ್ಟಲು ಮುಟ್ಟಲಿಲ್ಲ. ಜೋಡು ಮೆಟ್ಟಿ, ದಾರಗಳನ್ನು ಸಮನಾಗಿ ಎಳೆದು ಕಟ್ಟಿ, ಹಟ್ಟಿಯ ಮಾಡನ್ನು ಒಮ್ಮೆ ತಲೆಯೆತ್ತಿ ನೋಡಿ ಹೊರಬಿದ್ದ. ಹೆಂಗಸರಿಬ್ಬರೂ ಬಾಗಿಲಲ್ಲಿ ನಿಂತರು. ಕುದುರೆ ಗಡಿಗೋಡೆಯತನಕ ಹೋಗಿ ನಿಂತಿತು. ಕೋಟೆಯ ದಾರಿ ಎಡಕ್ಕೆ. ಅವನು ಬಲಕ್ಕೆ ತಿರುಗಿಸಿದ, ಹೊಳೆಯಾಚೆಯ ಹಳ್ಳಿಯ ಕಡೆಗೆ.

"ಆ ಕಡೆ ಯಾರಿದ್ದಾರೆ?" ಎಂದಳು ಜೋನೆಟ್.

ಎಫೀಗೆ ಗೊತ್ತಿತ್ತು. ಆ ಹಳ್ಳಿಯಲ್ಲೂ ಒಬ್ಬ ಹಳೆಯ ಸೂಲಗಿತ್ತಿ ಇದ್ದಳು, ಸೋರುವ ಮನೆಯವಳು, ಕಲ್ಲುಗೋಡೆಯ ಮನೆ ಸಿಗುತ್ತದೆಂದರೆ ಆ ಕೋಣೆಯಲ್ಲಿ ತಾನೂ ಇದ್ದೆ ಎನ್ನಬಲ್ಲವಳು. ಡನ್‌ಕೆರ್ ಮನೆಗೆ ಸೂಲಗಿತ್ತಿಯರ ಬರ ಯಾವತ್ತೂ ಬಂದದ್ದಿಲ್ಲ.